ಕಿಟಕಿ ನೋಡುವ ಕ್ಯಾಮೆರಾ

ಸ್ಟುಡಿಯೋದವನು ಬೀಸಿದ ಕ್ಯಾಮೆರಾ ಹೆಂಡತಿಯ ಕೆನ್ನೆಗೆ ಬಡಿದು ಗೋಡೆಗೆ ಹೋಗಿ ಅಪ್ಪಳಿಸಿತು. ಲೆನ್ಸು ಚೂರುಚೂರಾಯಿತು. ಅವಳು ಬಾಯಿಗೆ ಬಂದ ರಕ್ತವನ್ನು ನುಂಗಿಕೊಂಡಳು. ಗಿರಾಕಿಯ ಎದುರು ಅವನ ತಪ್ಪು ಎತ್ತಿ ಆಡಿದ್ದಕ್ಕೆ ಈ ಉಡುಗೊರೆ.

“ಏಳು. ಫೋಟೋ ಕಳಿಸು ಅಂತ ನಿಮ್ಮಣ್ಣ ಪ್ರಾಣ ತಿಂತಿದಾನೆ. ಕಿಟಕಿ ಮುಂದೆ ಕೂತ್ಕೋ.”

ಪ್ರತಿ ಸಲವೂ ಅದೇ ಕಿಟಕಿ, ಬೆನ್ನ ಹಿಂದೆ ಉರಿಬಿಸಿಲು. ಅವನ ಕ್ಯಾಮೆರಾ ಇಡೀ ಚಿತ್ರದ ಬೆಳಕನ್ನು ಅಳೆದು, ಬಿಸಿಲು ಜಾಸ್ತಿಯಾಯಿತೆಂದು ತಗ್ಗಿಸಿಬಿಡುತ್ತಿತ್ತು. ಅವಳ ಮುಖ ಕಪ್ಪಾಗಿ, ಬಾಸುಂಡೆಗಳೆಲ್ಲ ಆ ಕಪ್ಪಿನಲ್ಲೇ ಮುಚ್ಚಿಹೋಗುತ್ತಿದ್ದವು. ಆ ಕ್ಯಾಮೆರಾ ಈಗ ನೆಲದ ಮೇಲೆ ಒಡೆದು ಬಿದ್ದಿತ್ತು. ಅವನು ಮೇಜಿನ ಮೇಲಿದ್ದ ಅವಳ ಕ್ಯಾಮೆರಾ ಎತ್ತಿಕೊಂಡ. ಸ್ಟುಡಿಯೋಗೆ ಬರುವ ಮಕ್ಕಳ ಫೋಟೋಗೆಂದು ಅವಳು ಅದನ್ನು ಮುಖದ ಬೆಳಕನ್ನಷ್ಟೇ ಅಳೆಯುವಂತೆ ಇಟ್ಟಿದ್ದಳು. ತೆಗೆದ ಚಿತ್ರ ತಾನಾಗಿಯೇ ಅವಳ ಫೋನಿಗೆ ಬರುತ್ತಿತ್ತು. ಅವಳು ಅದನ್ನೆಲ್ಲ ಹೇಳಲು ಹೋಗಲಿಲ್ಲ. ಕೂದಲನ್ನು ಕಿವಿಯ ಹಿಂದೆ ಸರಿಸಿ, ಏಟು ಬಿದ್ದ ಕೆನ್ನೆಯನ್ನೇ ಅವನಿಗೆ ಒಡ್ಡಿದಳು.

ಅವನು ಗುಂಡಿ ಒತ್ತಿ ಪರದೆ ನೋಡಿದ. ಕಿಟಕಿ ಬಿಳಿಚಿ ಮಾಯವಾಗಿತ್ತು. ಉಳಿದಿದ್ದು ಮುಖವೊಂದೇ: ಸೀಳಿದ ತುಟಿ, ಊದಿದ ಕಣ್ಣು, ಕುತ್ತಿಗೆಯ ಮೇಲೆ ಅವನದೇ ಬೆರಳುಗಳ ಗುರುತು.

“ಇದೇನೇ ಇದು,” ಎನ್ನುತ್ತ ಅವನು ತಲೆ ಎತ್ತುವಷ್ಟರಲ್ಲಿ ಅವಳು ಫೋನು ಕೆಳಗಿಡುತ್ತಿದ್ದಳು.

“ನಿಮ್ಮದು ಕಿಟಕಿ ನೋಡ್ತಿತ್ತು. ನನ್ನದು ಮುಖ ನೋಡುತ್ತೆ. ಅಣ್ಣನಿಗೆ ಕಳಿಸಿ ಆಯ್ತು.”

ಅವನ ಕೈ ಮೇಲೆದ್ದಿತು. ಅಷ್ಟರಲ್ಲಿ ಅವನ ಜೇಬಿನೊಳಗಿನ ಫೋನು ಬಡಿದುಕೊಳ್ಳತೊಡಗಿತು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು.