ತೋಳಿನ ಗಂಟುಗಳು

ಮದುವೆ ಗೊತ್ತಾದ ಮೇಲೆ ಅವಳು ಗುಟ್ಟಾಗಿ ತೋಳುಗಳ ಕೊಬ್ಬು ತೆಗೆಸಿದಳು. ತೆಗೆದಲ್ಲಿ ಹಳ್ಳ ಬಿದ್ದಾಗ ತೊಡೆಯ ಕೊಬ್ಬನ್ನು ತೆಗೆಸಿ ಅಲ್ಲಿಗೆ ತುಂಬಿಸಿಕೊಂಡಳು. ಈಗ ಹಳ್ಳವಿದ್ದಲ್ಲೆಲ್ಲ ಗಂಟು. ತಾವಾಗಿಯೇ ಕರಗುತ್ತವೆ ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ಅರಿಶಿನ ಶಾಸ್ತ್ರದ ದಿನವೇ ಬಂದುಬಿಟ್ಟಿತು.

ಅರಿಶಿನ ಹಚ್ಚುತ್ತಿದ್ದ ಅತ್ತೆಯಾಗುವವರ ಕೈ ತೋಳಿನ ಮೇಲೆ ತಟ್ಟನೆ ನಿಂತಿತು.

"ಏನಮ್ಮಾ ಇದು, ಗಂಟು?"

"ಸೊಳ್ಳೆ ಕಚ್ಚಿದ್ದು, ಅತ್ತೆ."

"ಇಷ್ಟು ದಪ್ಪ ಸೊಳ್ಳೆನಾ? ಆ ತೋಳು ಕೊಡು ನೋಡೋಣ."

ಅವಳು ಇನ್ನೊಂದು ತೋಳನ್ನೂ ಚಾಚಿದಳು. ಹುಡುಗಿಗೆ ಕಾಯಿಲೆ ಕಸಾಲೆ ಏನೂ ಇಲ್ಲ ತಾನೇ ಎಂದು ನಿಶ್ಚಿತಾರ್ಥಕ್ಕೆ ಮುಂಚೆ ಮೂರು ಸಲ ಕೇಳಿದ್ದವರು ಇವರೇ. ಈಗ ಒಂದು ಮಾತು ಕೂಗಿದರೆ ಮದುವೆ ಚಪ್ಪರದಲ್ಲೇ ಮುರಿಯುತ್ತದೆ.

ಅತ್ತೆ ಸುತ್ತಲೂ ನೋಡಿ ಅವಳ ಕಿವಿಯತ್ತ ಬಾಗಿದರು.

"ನಾನು ಹೊಟ್ಟೆಗೆ ಮಾಡಿಸ್ಕೊಂಡಾಗ ಇವು ಕರಗೋಕೆ ಎಂಟು ತಿಂಗಳು ಹಿಡೀತು. ನಿಮ್ಮ ಮಾವನೋರಿಗೆ ಇವತ್ತಿಗೂ ಗೊತ್ತಿಲ್ಲ."