ಪ್ರಾಸ್ಪರ್‌ನ ಪಾನನಿಷೇಧ

ಗ್ಯಾರೇಜಿನ ಬಾಗಿಲು ಮೊಣಕಾಲೆತ್ತರಕ್ಕೆ ಎದ್ದು ನಿಂತಿತು. ಅದರಡಿಯಿಂದ ಮೊದಲು ಇಡ್ಲಿ ಅಕ್ಕಿಯ ಚೀಲ ಒಳಗೆ ಜಾರಿಬಂತು, ಆಮೇಲೆ ವೆಂಕಣ್ಣನವರ ಬೋಳುತಲೆ.

"ಯಾರೂ ನೋಡ್ಲಿಲ್ಲ ತಾನೆ?" ಪ್ರಭಂಜನ ಪಿಸುಗುಟ್ಟಿದ.

"ಯಾರೂ ನೋಡಿಲ್ಲ. ನನ್ನ ಸೊಂಟ ಹಿಡಕೊಂಡೈತಿ, ಮೊದ್ಲ ಎಬ್ಬಸು."

ಚೀಲದೊಳಗೆ ಅಕ್ಕಿ, ಅಕ್ಕಿಯೊಳಗೆ ಬಾಟ್ಲಿ. ಪ್ರಭಂಜನ ಅದನ್ನು ಎದೆಗವಚಿಕೊಂಡ. ಬೆಚ್ಚಗಿತ್ತು.

"ನಿನ್ನೆ ಶನಿವಾರ ಮೊಮ್ಮಗಳ ಡಾನ್ಸ್ ಇತ್ತಪಾ, ಬರಾಕ ಆಗ್ಲಿಲ್ಲ. ಇವತ್ತು ಅಂಗಡಿಯಿಂದ ನೆಟ್ಟಗ ಇಲ್ಲಿಗೇ ಬಂದೆ. ಡಿಕ್ಕಿ ಒಳಗ ಬಿಸಿಲಿಗೆ ಕಾದೈತಿ," ಎಂದರು ವೆಂಕಣ್ಣ.

ಟೆಕ್ಸಾಸಿನ ಪ್ರಾಸ್ಪರ್ ಊರಲ್ಲಿ, ಒಂದೇ ಅಚ್ಚಿನಲ್ಲಿ ತೆಗೆದಂತಿದ್ದ ಆ ಹೊಸ ಬಡಾವಣೆಯ ಮನೆಗಳ ನಡುವೆ ಪ್ರಭಂಜನನ ಮನೆಯಲ್ಲಿ ಮಾತ್ರ ಆರು ತಿಂಗಳಿಂದ ಪಾನನಿಷೇಧ ಜಾರಿಯಲ್ಲಿತ್ತು. ಜನವರಿಯಲ್ಲಿ ಡಾಕ್ಟರ್ ಚಿತ್ರಾ ಅವನ ಲಿವರ್‌ನ ಸ್ಕ್ಯಾನ್ ಮುಂದಿಟ್ಟು ಹೇಳಿದ್ದು ಎರಡೇ ಮಾತು. ಇವತ್ತೇ ಬಿಟ್ಟರೆ ಚೇತರಿಸಿಕೊಳ್ಳುತ್ತದೆ. ಬಿಡದಿದ್ದರೆ ಜೀವಕ್ಕೇ ಸಂಚಕಾರ. ಹೆಂಡತಿ ರಮಾ ಅಂದು ಊಟ ಮಾಡಲಿಲ್ಲ. ಮರುದಿನ ಮನೆಯಲ್ಲಿದ್ದ ಹನ್ನೊಂದು ಬಾಟ್ಲಿಗಳನ್ನೂ ಅಡುಗೆಮನೆಯ ಸಿಂಕಿಗೆ ಸುರಿದಳು. ಸಿಂಕಿಗೇ ಅಮಲೇರಿರಬೇಕು.

ಮೂರು ವಾರ ಪ್ರಭಂಜನ ರಾಜ್ಯ ಕಳೆದುಕೊಂಡ ರಾಜಕುಮಾರನ ಹಾಗೆ ಮನೆಯೊಳಗೆ ಅಲೆದ. ಒಮ್ಮೆ ಕದ್ದು ಅಂಗಡಿಗೆ ಹೊರಟು, ಕಾರಿನ ಕೀಲಿ ಕೈಯಲ್ಲಿದ್ದಾಗಲೇ ರಮಾಳ ಕಣ್ಣಿಗೆ ಬಿದ್ದ. ಅವಳು ಕೈಚಾಚಿ ಕೀಲಿ ಇಸಿದುಕೊಂಡಳು. ಅದೇ ವಾರ ಹತ್ತಿರದ ಕಾಪೆಲ್ ಊರಿನಿಂದ ವೆಂಕಣ್ಣ ಬಂದರು. ಧಾರವಾಡದ ಕಡೆಯ ರಿಟೈರ್ಡ್ ಎಂಜಿನಿಯರ್, ಮನೆಗೆ ಹಿರಿಯರಿದ್ದ ಹಾಗೆ. ಅವನನ್ನು ಪಕ್ಕಕ್ಕೆ ಕರೆದು ತಾವಾಗಿಯೇ ಅಂದರು:

"ಅಂಗಡಿಗೆ ಹೋಗಬ್ಯಾಡ, ಸಿಕ್ಕಿಬೀಳ್ತಿ. ನಾ ತಂದುಕೊಡ್ತೀನಿ. ಆದ್ರ ನನ್ನ ಕೈಯಾಂದು ಬಿಟ್ಟು ಬ್ಯಾರೆ ಎಲ್ಲೂ ಒಂದು ಹನಿ ಮುಟ್ಟಬಾರದು. ಆಣಿ ಮಾಡು."

ಪ್ರಭಂಜನ ಆಣೆ ಮಾಡಿದ. ದೊಡ್ಡ ದಂಧೆಯಲ್ಲಿ ಇಷ್ಟಾದರೂ ಶಿಸ್ತು ಬೇಡವೇ? ಅಂದಿನಿಂದ, ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಜೀವ ಇದ್ದಂತೆ, ಅವನ ಜೀವ ಗ್ಯಾರೇಜಿನಲ್ಲಿ, ದೀಪಾವಳಿ ಸಾಮಾನಿನ ಡಬ್ಬಿಯ ಹಿಂದೆ, ಒಂದು ಬಾಟ್ಲಿಯಲ್ಲಿತ್ತು.

ಈಗ ಆ ಬಾಟ್ಲಿಯಿಂದ ಲೋಟಕ್ಕೆ ಬಗ್ಗಿಸಿ ಒಂದು ಗುಟುಕು ಎಳೆದ. ಗಂಟಲು ಧಗ್ಗೆಂದಿತು. ಕಣ್ಣಲ್ಲಿ ನೀರು. ಹೋದ ವರ್ಷದ ಜ್ವರದಿಂದ ಮೂಗು ಅರೆಬರೆ ಕೆಲಸ ಮಾಡುತ್ತಿತ್ತು, ನಾಲಿಗೆಯೂ ಅಷ್ಟಕ್ಕಷ್ಟೇ. ಆದರೂ ಸರಕು ಮೇಲ್ದರ್ಜೆಯದು ಎಂದು ಗೊತ್ತಾಗದಿರುತ್ತದೆಯೇ? ಆಸ್ಟಿನ್ ಊರಲ್ಲಿ ಯಾರೋ ಸ್ವಲ್ಪ ಸ್ವಲ್ಪವೇ ಭಟ್ಟಿ ಇಳಿಸುವುದಂತೆ, ವೆಂಕಣ್ಣ ಹೇಳಿದ್ದು. ಬೆಳಿಗ್ಗೆ ತಲೆನೋವು ಸುಳಿಯದು.

"ನೂರು ವರ್ಷದ ಹಿಂದೆ ಈ ದೇಶಾನೇ ಕುಡಿತ ನಿಲ್ಲಿಸೋಕೆ ಹೋಯ್ತು ವೆಂಕಣ್ಣ. ಏನಾಯ್ತು? ಊರೂರಲ್ಲಿ ಗ್ಯಾಂಗುಗಳು! ಹದಿಮೂರೇ ವರ್ಷ, ಕಾನೂನು ಮಕಾಡೆ ಮಲಗ್ತು. ಸರ್ಕಾರದ ಕೈಲಿ ಆಗದ್ದು ರಮಾ ಕೈಲಿ ಆಗುತ್ತಾ?"

"ನೀನ ಡಾನ್ ಬಿಡಪಾ. ಲಗೂನ ಮುಗಿಸು."

ಎರಡನೆಯ ಲೋಟಕ್ಕೆ ಡಾನ್ ಹಾಡತೊಡಗಿದ. ಮೂರನೆಯದಕ್ಕೆ ವೆಂಕಣ್ಣನವರ ಹೆಗಲಿಗೊರಗಿ, "ನೀವಿಲ್ದಿದ್ರೆ ನಾನು ಸತ್ತೇ ಹೋಗ್ತಿದ್ದೆ" ಎಂದು ಅತ್ತ.

"ಅದಂತೂ ಖರೇ," ಎಂದರು ವೆಂಕಣ್ಣ.

ಬಾಗಿಲಾಚೆಯಿಂದ ರಮಾಳ ದನಿ ಬಂತು: "ರೀ, ಅದೇನು ರಿಪೇರಿನೋ ಬೇಗ ಮುಗಿಸಿ. ಆರಿಹೋದ್ರೆ ಚೆನ್ನಾಗಿರಲ್ಲ!"

ಮೇಜಿನ ಮೇಲೆ ಬಿಸಿಬೇಳೆಬಾತ್ ಕಾಯುತ್ತಿತ್ತು. ಪ್ರಭಂಜನ ಗೋಡೆ ಹಿಡಿದು, ತೂರಾಡದಂತೆ ನಡೆದು ಒಳಗೆ ಬಂದ. ಮಗಳು ದಿಯಾ ಮೂಗು ಮುಚ್ಚಿಕೊಂಡಳು. "ಅಪ್ಪಾ, ಯೂ ಸ್ಮೆಲ್ ಲೈಕ್ ರಸಂ!"

ದೇವರು ಕಳ್ಳಸಾಗಣೆದಾರರ ಪರವಾಗಿದ್ದಾನೆ ಅಂದುಕೊಂಡ ಪ್ರಭಂಜನ.

ಆದರೆ ಮಲಗಿದವನಿಗೆ ನಿದ್ದೆ ಬರಲಿಲ್ಲ. ನಾಳೆ ಆರು ತಿಂಗಳ ರಿಪೋರ್ಟು. ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿಕೊಂಡ. ದಿಯಾಗೆ ಇನ್ನೂ ಒಂಬತ್ತು ವರ್ಷ. ಡಾನ್ ಆಗಿ ಏನು ಸುಖ?

ಸೋಮವಾರ ಡಾಕ್ಟರ್ ಚಿತ್ರಾ ರಿಪೋರ್ಟನ್ನು ಎರಡು ಸಲ ಓದಿದರು. "ಲಿವರ್ ತುಂಬಾ ಸುಧಾರಿಸಿದೆ. ಹೇಗಿದ್ದೀರೋ ಹಾಗೇ ಮುಂದುವರಿಸಿ."

ರಮಾ ಕಾರಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಪ್ರಭಂಜನನ ಎದೆಯಲ್ಲಿ ಮಾತ್ರ ಡೊಳ್ಳು ಬಾರಿಸಿದಂತಾಯಿತು. ಮನೆ ಸೇರಿದವನೇ ಗ್ಯಾರೇಜಿಗೆ ಓಡಿ, ಉಳಿದ ಬಾಟ್ಲಿಯನ್ನು ತಂದು ಅಡುಗೆಕಟ್ಟೆಯ ಮೇಲೆ ಕುಕ್ಕಿದ.

"ನಿನ್ನ ಪಾನನಿಷೇಧ ಇವತ್ತಿಗೆ ಖತಂ, ರಮಾ! ಆರು ತಿಂಗಳಿಂದ ಕುಡೀತಾನೇ ಇದ್ದೀನಿ. ಲಿವರ್ ನೋಡು, ಹೊಸದರ ಹಾಗಿದೆ! ಇದು ವಿಷ ಅಲ್ಲ ಕಣೇ, ಔಷಧಿ!"

"ಯಾರು ತಂದುಕೊಟ್ರು?" ರಮಾಳ ದನಿ ತಣ್ಣಗಿತ್ತು.

ಗ್ಯಾಂಗಿನ ಹೆಸರು ಹೇಳಬಾರದು. ಹೇಳಿಬಿಟ್ಟ. "ವೆಂಕಣ್ಣ. ಇದನ್ನ ನಿನ್ನೆ ತಾನೇ ಅಂಗಡಿಯಿಂದ ನೇರ ತಂದದ್ದು."

"ನಿನ್ನೆ ಭಾನುವಾರ ರೀ. ಟೆಕ್ಸಾಸಲ್ಲಿ ಭಾನುವಾರ ಯಾವ ವಿಸ್ಕಿ ಅಂಗಡಿ ತೆಗೆದಿರುತ್ತೆ?"

ಪ್ರಭಂಜನ ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದ. ಹದಿನಾಲ್ಕು ವರ್ಷ ಇದೇ ರಾಜ್ಯದಲ್ಲಿ ಕುಡಿದವನಿಗೆ, ಭಾನುವಾರ ಅಂಗಡಿ ಮುಚ್ಚಿಸುವ ಆ ಕಾನೂನು ಗೊತ್ತಿಲ್ಲದೇನಲ್ಲ. ಹಾಗಾದರೆ ವೆಂಕಣ್ಣ ಇದನ್ನು ಯಾವ ಕಳ್ಳಭಟ್ಟಿಯಿಂದ ತಂದರು? ತನಗೇನು ಕುಡಿಸಿದರು?

"ನನ್ನನ್ನ್ಯಾಕೆ ನೋಡ್ತೀರಿ? ಅವರನ್ನೇ ಕೇಳಿ." ರಮಾ ತನ್ನ ಫೋನಿನಿಂದ ನಂಬರು ಒತ್ತಿ, ಸ್ಪೀಕರಿಗೆ ಹಾಕಿ, ಅವನ ಮುಂದೆ ಹಿಡಿದಳು.

ಅವನು ಹಲೋ ಅನ್ನುವ ಮೊದಲೇ ವೆಂಕಣ್ಣ ಶುರು ಮಾಡಿದರು: "ಹೂಂ, ರಮಾ ತಂಗೀ! ಈ ಶನಿವಾರ ಕಷಾಯಕ್ಕ ಶುಂಠಿ, ಮೆಣಸು ಇನ್ನಷ್ಟು ಜಡದು ಕುದಸವಾ, ನಿನ್ನೆ ನಿನ್ನ ಗಂಡ ಅಳಾಕ ಮೂರು ಲೋಟ ಬೇಕಾತು!"