ಬೇರು ಕಚ್ಚದ ಹುಲ್ಲು

"ನಿಮ್ಮ ದನ ಕಟ್ಟಿಹಾಕೋಕೆ ಏನಾಗಿತ್ತು ಅಜ್ಜ?" ಎಂದು ಹೆಂಡತಿ ಪಕ್ಕದ ಹೊಲದ ಮುದುಕನನ್ನು ತರಾಟೆಗೆ ತೆಗೆದುಕೊಂಡಾಗ ಗಂಡ ತುಟಿ ಬಿಚ್ಚಲಿಲ್ಲ. ಅವಳು ಬಿತ್ತಿದ ಹುಲ್ಲು ಇನ್ನೂ ಬೇರು ಕಚ್ಚಿರಲಿಲ್ಲ. ದನ ಬಾಯಿ ಹಾಕಿದ ಕಡೆಯೆಲ್ಲ ಬುಡಸಮೇತ ಕಿತ್ತುಬಂದಿತ್ತು. ಈಗಲೇ ನಮ್ಮ ದನ ಬಿಡಬೇಡಿ ಎಂದು ಅವಳು ಗಂಡನಿಗೆ ಹೇಳಿದ್ದರೂ, ಒಂದು ಗಳಿಗೆ ಮೇಯಲಿ ಎಂದು ಬೇಲಿಯ ಗೇಟು ತೆಗೆದವನು ಅವನೇ.

"ನಮ್ಮವೇ ನುಗ್ಗಿರ್ಬೇಕು ಕಣಮ್ಮ, ತಪ್ಪಾಯ್ತು" ಎಂದ ಮುದುಕ. ಮನೆಗೆ ಹೋಗಿ ತನ್ನಲ್ಲಿದ್ದ ಹುಲ್ಲಿನ ಬೀಜ ತಂದು, ಮಂಡಿಯೂರಿ ಬಿತ್ತತೊಡಗಿದ.

ಗಂಡನಿಗೆ ಅದನ್ನು ನೋಡಲಾಗಲಿಲ್ಲ. "ಬಿಡಿ ಅಜ್ಜ. ಮೇಯಿಸಿದ್ದು ನಾನು" ಎಂದ, ನೆಲ ನೋಡುತ್ತ.

ಮುದುಕ ಬಿತ್ತುತ್ತಲೇ ಇದ್ದ. ಹೆಂಡತಿಯ ಮುಖ ಕೆಂಪೇರಿತು. ಗಂಡನತ್ತ ತಿರುಗಿಯೂ ನೋಡದೆ ಅವಳು ಮುದುಕನ ಪಕ್ಕದಲ್ಲಿ ಕೂತು, ತಗ್ಗಿಸಿದ ತಲೆ ಎತ್ತದೆ ಬೀಜಕ್ಕೆ ಕೈಯೊಡ್ಡಿದಳು.